ಹಂಸಪಾದ

ಪುಟ 67, ಮೂರನೇ ಪ್ಯಾರಾ, ಕೊನೆಯ ಸಾಲು. ಬದಲಿಸಬೇಕಾದದ್ದು ಎರಡೇ ಅಕ್ಷರ.

ಅವರು ಬಂದದ್ದು ಹೋದ ಶ್ರಾವಣದ ಒಂದು ಸೋಮವಾರ. ಅಳ್ನಾವರ ಕಡೆಯ ಬಸ್ಸಿನಿಂದ ಧಾರವಾಡದ ಕೆಲಗೇರಿಯಲ್ಲಿ ಇಳಿದು, ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ನಮ್ಮ ಓಣಿ ಹುಡುಕಿಕೊಂಡು ಬಂದಿದ್ದರು. ಅರವತ್ತೈದು ದಾಟಿದ ಹೆಣ್ಣುಮಗಳು. ಇಳಕಲ್ ಸೀರೆಯ ಅಂಚು ತೊಯ್ದಿತ್ತು. ಪಿಶವಿಯೊಳಗಿನ ಪುಸ್ತಕ ಮಾತ್ರ ತೊಯ್ದಿರಲಿಲ್ಲ. ಅದನ್ನು ಎರಡು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ಜತೆಗೊಂದು ಸಿಡಿ.

ಅದು ಅವರ ತಂದೆಯ ಆತ್ಮಕಥೆ. ಕನ್ನಡ ಶಾಲೆಯ ಮಾಸ್ತರು. ನಿವೃತ್ತಿಯಾದ ಎಷ್ಟೋ ವರ್ಷಗಳ ಮೇಲೆ, 2004ರಲ್ಲಿ, ತಮ್ಮ ಖರ್ಚಿನಲ್ಲಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದರು. ನೂರಾಹನ್ನೆರಡು ಪುಟ. ಅಚ್ಚು ಹಾಕಿದ ಮುದ್ರಣಾಲಯ ಈಗಿಲ್ಲ, ಅಕ್ಷರ ಜೋಡಿಸಿದವರು ಊರು ಬಿಟ್ಟಿದ್ದಾರೆ, ಪೇಜ್‌ಮೇಕರ್ ಕಡತ ಎಲ್ಲೂ ಉಳಿದಿಲ್ಲ. ಉಳಿದದ್ದು ಸಿಡಿಯಲ್ಲಿನ ಒಂದು ಪಿಡಿಎಫ್. ಅಪ್ಪನ ಹತ್ತನೆಯ ಪುಣ್ಯಸ್ಮರಣೆಗೆ ಮನೆಮಂದಿ, ಮೊಮ್ಮಕ್ಕಳಿಗೆಂದು ನೂರು ಪ್ರತಿ ಮತ್ತೆ ತೆಗೆಸಬೇಕು. ಆದರೆ ತೆಗೆಸುವ ಮೊದಲು ಒಂದು ಪದ ತಿದ್ದಬೇಕು.

ಕನ್ನಡಕ ಹಾಕಿಕೊಂಡು ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಎರಡನೇ ಮಗಳನ್ನು ಏಳನೇ ಇಯತ್ತೆ ಮುಗಿದ ಮೇಲೆ ಶಾಲೆ ಬಿಡಿಸಿದೆ, ಅವಳು ಮೂರು ದಿನ ಉಣ್ಣಲಿಲ್ಲ, ಇದು ನಾನು ಮಾಡಿದ ಪಾಪ ಎಂದು ಮಾಸ್ತರು ಬರೆದಿದ್ದರು.

“ಎರಡನೇ ಮಗಳು ನಾನ. ಪಾಪ ಅನ್ನೂ ಮಾತು ಭಾಳ ದೊಡ್ಡದಾತವಾ ತಂಗಿ. ಅದನ್ನ ತಗದು ‘ತಪ್ಪು’ ಅಂತ ಹಾಕು. ಎರಡಕ್ಷರ ತಗದು ಎರಡಕ್ಷರ ಹಾಕೂದು, ಅಷ್ಟ.”

“ಆಗ್ಲಿ ಅಕ್ಕಾರ, ನೋಡ್ತೀನ್ರಿ,” ಎಂದೆ. ಎರಡು ದಿನ ಬಿಟ್ಟು ಬರಲು ಹೇಳಿದೆ.

ನಾನು ಡಿಟಿಪಿ ಕೆಲಸಕ್ಕೆ ಕೂತು ಇಪ್ಪತ್ತೇಳು ವರ್ಷವಾಯಿತು. ನನಗಿಂತ ಮೊದಲು ನಮ್ಮಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅವರ ಕಾಲದಲ್ಲಿ ಮುಗಿದದ್ದು ಎಂದರೆ ಏನೆಂಬುದು ಸ್ಪಷ್ಟವಿತ್ತು. ಫಾರ್ಮು ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ, ತೊಳೆದು, ಒಂದೊಂದನ್ನೂ ಅದರದರ ಮನೆಗೆ ವಾಪಸು ಹಾಕಬೇಕು. ನಿನ್ನೆ ಒಂದು ವಾಕ್ಯವಾಗಿದ್ದ ಸೀಸ ಇವತ್ತು ಬರೀ ಅಕ್ಷರ. ಆಮೇಲೆ ತಪ್ಪು ಕಂಡರೆ ಪುಸ್ತಕದ ಕೊನೆಗೆ ಒಂದು ಶುದ್ಧಿಪತ್ರ: ಪುಟ ಇಷ್ಟು, ಸಾಲು ಇಷ್ಟು, ತಪ್ಪು ಇದು, ಒಪ್ಪು ಇದು. ಸಣ್ಣವಳಿದ್ದಾಗ ನನಗೆ ಅದು ನಾಚಿಕೆಯ ಹಾಳೆಯಂತೆ ಕಾಣುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಹಿಂದಿನದೂ ಉಳಿದು ಇಂದಿನದೂ ಸೇರುವ ಜಾಗ ಅದು.

ಸಣ್ಣ ತಿದ್ದುಪಡಿಗೆ ಯಾವ ತಂತ್ರಾಂಶ ಒಳ್ಳೆಯದು ಎಂದು ನನ್ನನ್ನು ಕೇಳುವವರು ಬಹಳ. ನನ್ನ ಮೊದಲ ಉತ್ತರ ಯಾವಾಗಲೂ ಒಂದೇ: ಮೂಲ ಕಡತ ಇದ್ದರೆ ಅದನ್ನು ತನ್ನಿ. ಪೇಜ್‌ಮೇಕರಿನ ಏಳನೇ ಆವೃತ್ತಿ 2001ರಲ್ಲಿ ಬಂತು, ಅದರ ಮುಂದೆ ಇನ್ನೊಂದು ಆವೃತ್ತಿ ಬರಲಿಲ್ಲ. ಆದರೂ ಅದು ಓಡುವ ಒಂದು ಹಳೆಯ ಗಣಕವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಪಿಡಿಎಫ್ ಎಂಬುದು ತಿದ್ದಲಿಕ್ಕೆ ಹುಟ್ಟಿದ್ದಲ್ಲ. 1993ರಲ್ಲಿ ಅಡೋಬಿಯವರು ಅದನ್ನು ಹೊರತಂದಾಗಿನ ಉದ್ದೇಶವೇ ಒಂದು ಪುಟ ಎಲ್ಲಿ ತೆರೆದರೂ ಹಾಗೇ ಕಾಣಬೇಕು ಎಂಬುದು. ಅದರೊಳಗೆ ವಾಕ್ಯವಿಲ್ಲ, ಪ್ಯಾರಾ ಇಲ್ಲ. ಈ ಆಕಾರವನ್ನು ಈ ಜಾಗದಲ್ಲಿ ಇಡು, ಮುಂದಿನದನ್ನು ಅಲ್ಲಿ ಇಡು ಎಂಬ ಆಜ್ಞೆಗಳಿವೆ. ಹೆಚ್ಚುಕಡಿಮೆ ಅಪ್ಪ ಮೊಳೆ ಜೋಡಿಸಿಡುತ್ತಿದ್ದ ಗ್ಯಾಲಿಯಿದ್ದಂತೆ.

ಕನ್ನಡಕ್ಕೆ ಇನ್ನೊಂದು ತೊಡಕು. ಮಾಸ್ತರರ ಪುಸ್ತಕ ನುಡಿ ತಂತ್ರಾಂಶದ ಅಕ್ಷರದಲ್ಲಿ, ಯೂನಿಕೋಡ್ ನಮ್ಮ ಕಡೆ ರೂಢಿಯಾಗುವ ಮೊದಲಿನ ಪದ್ಧತಿಯಲ್ಲಿ ಜೋಡಿಸಿದ್ದು. ಕಣ್ಣಿಗೆ ಕಾಣುವುದು ಕನ್ನಡ. ಗಣಕ ಒಳಗೆ ಇಟ್ಟುಕೊಂಡಿರುವುದು ರೋಮನ್ ಲಿಪಿಯ ಗುರುತುಗಳು. ಆ ಪಿಡಿಎಫ್‌ನಲ್ಲಿ ‘ಪಾಪ’ ಎಂಬ ಪದವನ್ನು ಆಯ್ದು ಬೇರೆ ಕಡೆ ಅಂಟಿಸಿ ನೋಡಿದರೆ ಜಪಾನಿನ ಯೆನ್ ನಾಣ್ಯದ ಚಿಹ್ನೆ ಎರಡು ಸಲ ಬರುತ್ತದೆ. ಪಕಾರದ ಸಂಕೇತ ಆ ಪದ್ಧತಿಯಲ್ಲಿ ಅದೇ.

ಮೂಲ ಕಡತ ಇಲ್ಲದಾಗ ತಂತ್ರಾಂಶದ ಮಾತು: ಅಕ್ರೋಬ್ಯಾಟ್ ದುಡ್ಡು ಬೇಡುತ್ತದೆ, ಆದರೆ ಇಂಥ ಹಳೆಯ ಕಡತದಲ್ಲಿ ಸಾಲಿನ ಜಾಗ ಕದಲದಂತೆ ಪದ ಬದಲಿಸಲು ಅದರಷ್ಟು ನಂಬಿಕೆಯದು ನನಗೆ ಸಿಕ್ಕಿಲ್ಲ. ಲಿಬ್ರೆ ಆಫೀಸಿನ ಡ್ರಾ ಪುಕ್ಕಟೆ. ಪುಟವನ್ನು ಸಾಲು ಸಾಲಾಗಿ ಬಿಡಿಸಿ ಕೊಡುತ್ತದೆ, ಆದರೆ ಆ ಫಾಂಟು ನಮ್ಮಲ್ಲಿ ಇರದಿದ್ದರೆ ಬೇರೆಯದನ್ನು ತೊಡಿಸಿ ಇಡೀ ಪುಟವನ್ನು ಕಲಸಿಬಿಡುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಅಕ್ಷರವನ್ನು ಚಿತ್ರದ ಗೆರೆಯಾಗಿ ಮಾರ್ಪಡಿಸಿ ತೆಗೆದುಕೊಳ್ಳಬಹುದು. ಒತ್ತಕ್ಷರ ಒಡೆಯುವುದಿಲ್ಲ, ಅದು ಆಮೇಲೆ ಬರಹವಾಗಿ ಉಳಿಯುವುದೂ ಇಲ್ಲ. ಕಡತವನ್ನು ಕಳಿಸಿದರೆ ತಿದ್ದಿಕೊಡುವ ಅಂತರ್ಜಾಲದ ಸೇವೆಗಳನ್ನು ನಾನು ಮುಟ್ಟುವುದಿಲ್ಲ. ಒಬ್ಬರ ಮನೆಯ ಕಾಗದ ಯಾರ ಕೈಗೋ ಹೋಗುವುದು ನನಗೆ ಸೇರದು. ಇನ್ನು ಎಲ್ಲರಿಗೂ ಗೊತ್ತಿರುವ ಸುಲಭ ದಾರಿ: ಹಳೆಯ ಪದದ ಮೇಲೆ ಒಂದು ಬಿಳಿ ಚೌಕ ಇಟ್ಟು ಅದರ ಮೇಲೆ ಹೊಸ ಪದ ಬರೆಯುವುದು. ಬಿಳಿಯ ಕೆಳಗೆ ಹಳೆಯದು ಹಾಗೇ ಇರುತ್ತದೆ. ಬಲ್ಲವರು ಚೌಕ ಸರಿಸಿದರೆ ಸಾಕು. ಬೇಸಿಗೆಯಲ್ಲಿ ನಮ್ಮ ಕೆರೆಯ ನೀರು ಇಳಿದಾಗ, ಯಾವತ್ತೋ ಮುಳುಗಿಸಿದ ಗಣಪತಿಗಳ ಕಟ್ಟಿಗೆಯ ಚೌಕಟ್ಟು ದಡದಲ್ಲಿ ತಲೆಯೆತ್ತುವುದನ್ನು ನೋಡಿದ್ದೇನೆ.

ಕೆಲವು ಕೆಲಸ ನಾನು ಮಾಡುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಒಂದು ಅಕ್ಷರ, ಪಹಣಿಯಲ್ಲಿ ಒಂದೇ ಒಂದು ಗುಂಟೆ. ಕೇಳಿದವರನ್ನು ವಾಪಸು ಕಳಿಸುತ್ತೇನೆ, ಪ್ರಮಾಣಪತ್ರ ಮಾಡಿಸಿ ಸರಿಯಾದ ಕಚೇರಿಗೆ ಅರ್ಜಿ ಕೊಡಿ ಎನ್ನುತ್ತೇನೆ. ಅಲ್ಲಿ ಪ್ರಶ್ನೆಯೇ ಏಳುವುದಿಲ್ಲ.

ಮಾಸ್ತರರ ಪುಸ್ತಕದಲ್ಲಿ ಪ್ರಶ್ನೆ ಎದ್ದಿತು. ಇದು ಸರಕಾರಿ ಕಾಗದವಲ್ಲ, ಯಾರಿಗೂ ಮೋಸವಿಲ್ಲ. ಬದಲಾವಣೆ ಕೇಳುತ್ತಿರುವವರು ಅನ್ಯಾಯ ಮಾಡಿದವರ ಪಕ್ಷದವರಲ್ಲ, ಅನ್ಯಾಯ ಉಂಡವರು. ಹನ್ನೆರಡು ವರ್ಷಕ್ಕೆ ಪಾಟಿಚೀಲ ಕೆಳಗಿಟ್ಟ ಹುಡುಗಿ ಐವತ್ತು ವರ್ಷದ ಮೇಲೆ ಬಂದು, ಅದು ಪಾಪವಲ್ಲ, ತಪ್ಪು ಅಷ್ಟೇ ಎನ್ನುತ್ತಿದ್ದಾಳೆ. ಬೇಡ ಎನ್ನಲು ನಾನು ಯಾರು?

ತಾಂತ್ರಿಕ ಅಡ್ಡಿಯೂ ಇರಲಿಲ್ಲ. ಇದ್ದಿದ್ದರೆ, ‘ಆಗೂದಿಲ್ರಿ ಅಕ್ಕಾರ’ ಎಂದು ಮುಗಿಸಿಬಿಡುತ್ತಿದ್ದೆ. ಪಿಡಿಎಫ್‌ಗಳು ಫಾಂಟನ್ನು ಪೂರ್ತಿ ಹೊತ್ತುಕೊಂಡಿರುವುದು ಕಡಿಮೆ. ಬಳಕೆಯಾದ ಅಕ್ಷರಗಳನ್ನಷ್ಟೇ ಇಟ್ಟುಕೊಂಡಿರುತ್ತವೆ. ಪುಸ್ತಕದಲ್ಲಿ ಎಲ್ಲೂ ಬಾರದ ಅಕ್ಷರ ಬೇಕಾದರೆ ಪೇಚು. ಇಲ್ಲಿ ‘ತಪ್ಪು’ ಎಂಬ ಪದ 12ನೇ ಪುಟದಲ್ಲಿಯೇ ಇತ್ತು, ಮಾಸ್ತರರ ಕೈಯಿಂದಲೇ ಬಂದದ್ದು. ಕಡತದ ನಕಲೊಂದನ್ನು ಮಾಡಿಕೊಂಡು, ರಾತ್ರಿ ಊಟದ ಮೇಲೆ ಕೂತು ಬದಲಿಸಿ ನೋಡಿದೆ. ಹತ್ತು ನಿಮಿಷದ ಕೆಲಸ. ಸಾಲು ಜರುಗಲಿಲ್ಲ, ಅಂಚು ಕೆಡಲಿಲ್ಲ. ಎರಡೂ ಪುಟ ಅಚ್ಚು ತೆಗೆದು ದೀಪದ ಕೆಳಗೆ ಪಕ್ಕಪಕ್ಕ ಇಟ್ಟೆ. ಯಾವುದು ಮಾಸ್ತರರದು, ಯಾವುದು ನನ್ನದು ಎಂದು ಕಣ್ಣಿಗೆ ಗುರುತು ಸಿಗಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ನಾನು ಕಲಿತದ್ದೇ ಗುರುತು ಸಿಗದಂತೆ ತಿದ್ದುವುದನ್ನು. ಅವತ್ತು ಮಾತ್ರ ಅದೇ ನನಗೆ ಭಯ ಹುಟ್ಟಿಸಿತು. ಸತ್ತ ಮನುಷ್ಯನೊಬ್ಬ ತಾನು ಆಡದ ಮಾತನ್ನು ತನ್ನದೇ ದನಿಯಲ್ಲಿ ಆಡುತ್ತಿದ್ದ.

ಆ ಭಯಕ್ಕೊಂದು ಹಿನ್ನೆಲೆಯಿದೆ. ಧಾರವಾಡದಲ್ಲಿ ಈ ಕಸುಬು ಮಾಡುವವರ ಕೈಗೆ ಯಾವಾಗಲಾದರೊಮ್ಮೆ ವಚನಗಳು ಬಂದೇ ಬರುತ್ತವೆ. ಇದೇ ಊರಿನಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತ ತಾಡೋಲೆಗಳನ್ನು ಹುಡುಕಿ ತಿರುಗಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, ಮುಂದೆ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿದರು. ನಮ್ಮ ಮನೆಯಿಂದ ಗುಡ್ಡ ಹತ್ತಿದರೆ ಸಿಗುವ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎಂ.ಎಂ. ಕಲಬುರ್ಗಿಯವರು ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದರು. ಪಾಠಾಂತರ ಎಂಬ ಪದದ ಭಾರ ನನಗೆ ತಿಳಿದದ್ದು ಇಂಥ ಹೊತ್ತಗೆಗಳ ಕರಡು ತಿದ್ದುತ್ತ. ಒಂದು ಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ. ಸಂಪಾದಕ ಒಂದನ್ನು ಮೇಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ, ಎಸೆಯುವುದಿಲ್ಲ.

ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯ ಪ್ರಸಂಗ ಈ ಭಾಗದಲ್ಲಿ ಎಲ್ಲರಿಗೂ ನೆನಪಿದೆ. ಬಸವಣ್ಣನವರ ವಚನಗಳ ಕೊನೆಯ ‘ಕೂಡಲಸಂಗಮದೇವ’ ಎಂಬಲ್ಲಿ ಅವರು ‘ಲಿಂಗದೇವ’ ಎಂದು ಹಾಕಿದ್ದರು. 1998ರಲ್ಲಿ ರಾಜ್ಯ ಸರಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಆ ಆದೇಶವೇ ಊರ್ಜಿತವಾಯಿತು. ಹಾಗೆ ಬದಲಿಸಲು ಮಹಾದೇವಿಯವರಿಗೆ ತಮ್ಮ ನಂಬಿಕೆಯ ಕಾರಣವಿತ್ತು, ಅವರ ಭಕ್ತಿಯನ್ನು ನಾನು ಅನುಮಾನಿಸುವವಳಲ್ಲ. ಪುಸ್ತಕಕ್ಕೆ ನಿಷೇಧ ಸರಿಯೇ ಎಂಬುದು ಬೇರೆಯೇ ಚರ್ಚೆ. ಆದರೆ ನನ್ನ ಕಸುಬಿನ ಕಣ್ಣಿಂದ ನೋಡಿ: ಹುಡುಕು, ಬದಲಿಸು, ಎಲ್ಲವನ್ನೂ ಬದಲಿಸು. ಗಣಕಕ್ಕೆ ಇದಕ್ಕಿಂತ ಹಗುರ ಕೆಲಸವಿಲ್ಲ. ಬದಲಾದದ್ದು ಅಂಕಿತ. ಅಂಕಿತವೆಂದರೆ ವಚನಕಾರ ತನ್ನ ಮಾತಿಗೆ ತಾನೇ ಒತ್ತಿದ ಮುದ್ರೆ. ಈ ಮಾತಿಗೆ ನಾನೂ ನನ್ನ ದೈವವೂ ಹೊಣೆ ಎಂಬ ಗುರುತು. ಈಗಿನ ಪಿಡಿಎಫ್‌ಗಳಿಗೆ ಹಾಕುವ ಡಿಜಿಟಲ್ ಸಹಿಯೂ ಹಾಗೇ ಕೆಲಸ ಮಾಡುತ್ತದೆ: ಸಹಿಯಾದ ಭಾಗದಲ್ಲಿ ಒಂದು ಚುಕ್ಕೆ ಅತ್ತಿತ್ತಾದರೂ ಇದು ಸಹಿ ಮಾಡಿದಾಗ ಇದ್ದ ಕಾಗದವಲ್ಲ ಎಂದು ಕೂಗಿ ಹೇಳುತ್ತದೆ. ವಚನಕ್ಕೆ ಅಂಥ ಯಂತ್ರದ ಕಾವಲಿಲ್ಲ. ಕಾಯಬೇಕಾದವರು ಬರೆಯುವವರೂ ಓದುವವರೂ.

ಹಾಗಾದರೆ ಹಿಂದಿನವರು ತಿದ್ದಲಿಲ್ಲವೇ? ಧಾರಾಳವಾಗಿ ತಿದ್ದಿದರು. ವಚನಗಳನ್ನು ಹೆಣೆದು ಕಟ್ಟಿದ ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯನವರು ಕಟ್ಟಿದ್ದನ್ನು ಹಲಗೆಯಾರ್ಯರು ಬದಲಿಸಿದರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು ಮತ್ತೆ ಕಟ್ಟಿದರು, ಗೂಳೂರ ಸಿದ್ಧವೀರಣ್ಣೊಡೆಯರು ಇನ್ನೊಮ್ಮೆ. ಪ್ರಸಂಗಗಳು ಸೇರಿದವು, ಜಾಗ ಬದಲಿಸಿದವು. ಆದರೆ ನಾಲ್ಕೂ ಅವರವರ ಹೆಸರಿನಲ್ಲಿ ನಮಗೆ ಸಿಗುತ್ತವೆ. ಹಿಂದಿನವರದೇ ಇದು ಎಂದು ಹೇಳಿ ಯಾರೂ ತಮ್ಮದನ್ನು ಕೊಡಲಿಲ್ಲ.

ತಾಡೋಲೆ ಬರೆಯುವವನ ಪದ್ಧತಿ ನನಗೆ ಇನ್ನೂ ಇಷ್ಟ. ಕಂಠವೆಂಬ ಲೋಹದ ಲೇಖನಿಯಿಂದ ಕೊರೆದ ಗೀರನ್ನು ಅಳಿಸಲು ಬರುವುದಿಲ್ಲ. ತಪ್ಪಿದ ಅಕ್ಷರವನ್ನು ಹೊಡೆದು ಮುಂದೆ ಹೋಗಬೇಕು. ಬಿಟ್ಟುಹೋದದ್ದನ್ನು ಸಾಲುಗಳ ನಡುವೆಯೋ ಅಂಚಿನಲ್ಲೋ ಬರೆದು, ಅದು ಸೇರಬೇಕಾದ ಜಾಗದಲ್ಲಿ ಸಣ್ಣದೊಂದು ಗುರುತು ಹಾಕಬೇಕು. ಹಕ್ಕಿಯ ಹೆಜ್ಜೆಯಂಥ ಆ ಗುರುತಿಗೆ ಹಂಸಪಾದ ಎಂದು ಹೆಸರು. ಎಂಥ ಹೆಸರು! ಹಾಲು ನೀರು ಬೇರೆ ಮಾಡುವ ಹಕ್ಕಿ ಇಲ್ಲಿ ಕಾಲೂರಿ ಹೋಗಿದೆ, ಇಲ್ಲಿಂದ ಎರಡು ಕೈ ಇವೆ ಎಂದು ಓದುವವನಿಗೆ ತಿಳಿಯುತ್ತದೆ. ಕಂಪ್ಯೂಟರಿನೊಳಗೂ ಇಂಥದೊಂದು ಇದೆ. ಅಕ್ರೋಬ್ಯಾಟ್‌ನಲ್ಲಿ ಕಡತ ತಿದ್ದಿ ಸುಮ್ಮನೆ ‘ಸೇವ್’ ಎಂದರೆ, ಸಾಮಾನ್ಯವಾಗಿ ಹಳೆಯ ಭಾಗವನ್ನು ಮುಟ್ಟದೆ ಹೊಸದನ್ನು ಕಡತದ ಬಾಲಕ್ಕೆ ಸೇರಿಸುತ್ತದೆ. ತೆರೆಯುವವನಿಗೆ ಹೊಸದು ಕಾಣುತ್ತದೆ, ಹಳೆಯದು ಒಳಗೆ ಇರುತ್ತದೆ. ‘ಸೇವ್ ಆ್ಯಸ್’ ಎಂದರೆ ಎಲ್ಲವನ್ನೂ ಹೊಸದಾಗಿ ಬರೆದು ಹಳೆಯದನ್ನು ಕಳೆದುಬಿಡುತ್ತದೆ. ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಇರುವ ಎರಡು ಗುಂಡಿಗಳು. ವರ್ಷಗಟ್ಟಲೆ ಅವುಗಳ ಅಂತರವನ್ನು ಕಡತದ ಗಾತ್ರದ ಲೆಕ್ಕದಲ್ಲಷ್ಟೇ ನೋಡಿದ್ದೆ.

ಮಾಸ್ತರರ ವಾಕ್ಯಕ್ಕೆ ಬರೋಣ. ಪಾಪವನ್ನು ತಪ್ಪು ಮಾಡಿದರೆ ಏನು ಕಳೆಯುತ್ತದೆ? ತಪ್ಪು ಕೈಜಾರಿ ಆಗುತ್ತದೆ, ತಿದ್ದಿಕೊಂಡರೆ ಮುಗಿಯಿತು. ಪಾಪ ಎನ್ನಬೇಕಾದರೆ ಗೊತ್ತಿದ್ದೂ ಮಾಡಿದೆ ಎಂದು ಒಪ್ಪಬೇಕು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮಾಸ್ತರ ತನ್ನ ಮಗಳಿಗೆ ಅಕ್ಷರ ತಪ್ಪಿಸಿದ. ಅದಕ್ಕೆ ಬೇರೆ ಹೆಸರು ಅವರಿಗೆ ಸಿಗಲಿಲ್ಲ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಬಂಧುಬಳಗ ಓದುವ ಪುಸ್ತಕದಲ್ಲಿ, ಆ ಎರಡಕ್ಷರ ಬರೆಯಲು ಅವರಿಗೆ ಎಷ್ಟು ರಾತ್ರಿ ಬೇಕಾದವೋ. ಮಗಳಿಗೆ ಶಾಲೆಯನ್ನು ವಾಪಸು ಕೊಡಲು ಆಗಲಿಲ್ಲ. ಆ ವಿಷಯದಲ್ಲಿ ಅವರು ಮಾಡಲು ಸಾಧ್ಯವಾದ ಒಂದೇ ಕೆಲಸ ಆ ಪದ.

ಗ್ರೀಕರ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಅಗಾಥಾನ್ ಎಂಬ ಕವಿಯ ಮಾತೊಂದನ್ನು ನೆನೆಯುತ್ತಾನೆ: ಆದದ್ದನ್ನು ಆಗದಂತೆ ಮಾಡುವುದು ದೇವರಿಗೂ ಆಗದ ಕೆಲಸ ಎಂಬ ಅರ್ಥದ್ದು. ತತ್ತ್ವಶಾಸ್ತ್ರದ ಪಠ್ಯವೊಂದನ್ನು ಜೋಡಿಸುವಾಗ ಓದಿದ್ದೆ. ಹಣೆಬರಹವನ್ನು ಅಳಿಸಲಾಗದು ಎಂದು ನಮ್ಮ ಮನೆಗಳಲ್ಲಿ ಹೇಳುವುದು ಮುಂದೆ ಬರುವುದರ ಬಗ್ಗೆ. ಆ ಕವಿ ಹೇಳಿದ್ದು ಹಿಂದೆ ಆಗಿಹೋದದ್ದರ ಬಗ್ಗೆ. ನನಗೆ ಎರಡನೆಯದು ಹೆಚ್ಚು ನಿಜವೆನಿಸುತ್ತದೆ. ಹಾಗಾದರೆ ಕ್ಷಮೆ ಮಾಡುವುದೇನು? ಇದಕ್ಕೆ ನನಗೆ ಉತ್ತರ ಸಿಕ್ಕದ್ದು ಜೈನರ ಪ್ರತಿಕ್ರಮಣದ ಒಂದು ಕಿರುಹೊತ್ತಗೆಯಲ್ಲಿ. ಅದನ್ನು ಜೋಡಿಸಿಕೊಟ್ಟಾಗ, ಮಾಡಿದ ದೋಷಗಳನ್ನು ಒಂದೊಂದಾಗಿ ಹೆಸರಿಟ್ಟು ಎಣಿಸುವ ಆ ಕ್ರಮ ಕಂಡು ಬೆರಗಾಗಿದ್ದೆ. ಪ್ರತಿ ದೋಷದ ಕೊನೆಗೂ ಬರುವ ಬೇಡಿಕೆ ಒಂದೇ: ಈ ದುಷ್ಕೃತ್ಯ ಫಲವಿಲ್ಲದ್ದಾಗಲಿ. ಆಗಿಲ್ಲ ಎನ್ನುವುದಿಲ್ಲ, ಸಣ್ಣದು ಎನ್ನುವುದಿಲ್ಲ. ಹೆಸರು ಹಿಡಿದು ಕರೆದ ಮೇಲೆಯೇ ಅದರ ವಿಷ ಬತ್ತಲಿ ಎಂದು ಕೇಳುವುದು. ಹೆಸರನ್ನೇ ಬದಲಿಸಿದರೆ ಯಾವುದರ ವಿಷ ಬತ್ತಬೇಕು?

ಬುಧವಾರ ಅವರು ಬಂದಾಗ ಇದನ್ನೆಲ್ಲ ಹೇಳಲು ನನಗೆ ಬರಲಿಲ್ಲ. ಎರಡೂ ಹಾಳೆ ಮುಂದಿಟ್ಟೆ. ಯಾವುದು ಹೊಸದು ಎಂದು ಅವರಿಗೂ ಗೊತ್ತಾಗಲಿಲ್ಲ, ಓದಿಯೇ ಗುರುತಿಸಬೇಕಾಯಿತು.

“ಅಕ್ಕಾರ, ಇದನ್ನ ಅಚ್ಚ ಹಾಕಿದ್ರ ನಿಮ್ಮ ಮೊಮ್ಮಕ್ಕಳು ಓದ್ತಾರ. ಅಜ್ಜ ಒಂದು ತಪ್ಪು ಮಾಡಿದ್ದ, ಇರ್ಲಿ ಬಿಡು ಅಂತಾರ. ನೀವು ಏನು ಮಾಫ್ ಮಾಡಿದ್ರಿ ಅನ್ನೂದು ಅವರಿಗೆ ಗೊತ್ತಾಗೂದ ಇಲ್ಲ.”

ಬಹಳ ಹೊತ್ತು ಸುಮ್ಮನಿದ್ದರು. ಚಹಾ ಆರಿತು. ಆಮೇಲೆ, “ಪಾಪ, ನಮ್ಮಪ್ಪ. ಅದೊಂದ ಮಾತು ಎದಿಯಾಗ ಇಟ್ಕೊಂಡು ಹ್ವಾದ,” ಎಂದರು. ಕನ್ನಡದಲ್ಲಿ ಆ ಎರಡಕ್ಷರಕ್ಕೆ ಕರುಣೆಯೆಂಬ ಅರ್ಥವೂ ಇದೆಯೆಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರಿಗೂ ಅದು ಆಡಿದ ಮೇಲೆ ಕೇಳಿಸಿತೇನೋ. ಹಾಳೆಯ ಮೇಲಿನ ಪದವನ್ನೇ ನೋಡುತ್ತ ಕೂತರು.

ನಾನು ಹಂಸಪಾದದ ಮಾತು ಹೇಳಿದೆ. ಅಪ್ಪನ ಸಾಲು ಹಾಗೇ ಇರಲಿ, ಅಂಚಿನಲ್ಲಿ ಒಂದು ಗುರುತು ಹಾಕೋಣ, ಪುಸ್ತಕದ ಕೊನೆಗೆ ನಿಮ್ಮದೊಂದು ಹಾಳೆ ಸೇರಿಸೋಣ, ಕೆಳಗೆ ನಿಮ್ಮ ಹೆಸರು, ತಾರೀಖು. “ನನಗ ಬರಿಯಾಕ ಎಲ್ಲಿ ಬರತೈತಿ” ಎಂದರು. ಆಮೇಲೆ ನನ್ನಿಂದ ಎರಡು ಬಿಳಿ ಹಾಳೆ ಇಸಿದುಕೊಂಡು, ಪುಸ್ತಕದ ಜತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು ಹೋದರು.

ಹದಿನೈದು ದಿನದ ಮೇಲೆ ತಂದುಕೊಟ್ಟದ್ದು ಒಂಬತ್ತು ಸಾಲು. ಗುಂಡಗಿನ ಅಕ್ಷರ; ಏಳನೇ ಇಯತ್ತೆಯಲ್ಲಿ ನಿಂತಲ್ಲಿಯೇ ನಿಂತಿದ್ದ ಕೈಬರಹ. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯ ನೂರು ಪ್ರತಿಗಳಿಗೆ ಸೇರಿದ್ದು.

“ತಪ್ಪಿದ್ರ ತಿದ್ದವಾ ತಂಗಿ,” ಎಂದರು. ಓಲೆಗ್ರಂಥಗಳ ಲಿಪಿಕಾರರು ಕೊನೆಯ ಗರಿಯಲ್ಲಿ ಬಲ್ಲವರನ್ನು ಬೇಡಿಕೊಳ್ಳುತ್ತಿದ್ದದ್ದೂ ಇದನ್ನೇ. ಅವರು ಎದುರಿಗೆ ಕೂತಿದ್ದಾಗಲೇ ಹಾಳೆಯನ್ನು ಟೈಪಿಸಿದೆ. ನಾಲ್ಕನೆಯ ಸಾಲಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಪರದೆಯ ಮೇಲೆ ಬೆರಳಿಟ್ಟು, “ಇಲ್ಲೊಂದು ಲಕಾರದ ಒತ್ತು ಬೇಕ್ರಿ ಅಕ್ಕಾರ, ಹಾಕ್ಲ್ಯಾ?” ಎಂದು ಕೇಳಿದೆ. ಕನ್ನಡಕ ಮೇಲೇರಿಸಿ, ಮುಂದೆ ಬಾಗಿ, ತುಟಿಯಲ್ಲೇ ಆ ಪದವನ್ನು ಎರಡು ಸಲ ಓದಿಕೊಂಡರು.

“ಹಾಕು,” ಎಂದರು.